ಎಲ್ವಿರಾಳ ಕೈರುಚಿ

"ಹಲೋ… ಹಲೋ, ಯಾರ್ರಿ ಮಾತಾಡೋರು? … ಅಂಬ್ರಪ್ಪಣ್ಣ ಏನ್ರಿ? ಬಡಿಯಾಕತ್ತೀನ್ರಿ, ಇನ್ನ ಮೂವತ್ತ ರೊಟ್ಟಿ ಆಗಬೇಕು. ಒಂಬತ್ತರೊಳಗ ಕಳಸ್ತೀನಿ ಅಂತ ನಿನ್ನೇನೇ ಹೇಳೀನಲ್ರಿ… ಹಾಂ? ಅಂಬ್ರಪ್ಪಣ್ಣ ಅಲ್ಲಾ? ಮತ್ತ ಯಾರು?"

…

"ಏನಂದ್ರಿ? ಜರಾ ಜೋರಾಗಿ ಹೇಳ್ರಿ, ಕೇಳವಲ್ದು… ಯಾರು, ದೇವಿಕಾನಾ? ಯಾವ ದೇವಿಕಾ? … ನಮ್ಮ ಡಾಕ್ಟರ್ ಮರಿಲಿಂಗನ ಮಗಳು ದೇವಿಕಾ? … ಯವ್ವಾ ನನ್ನವ್ವಾ! ನಿಂದ್ರು ನಿಂದ್ರು, ಇಡಬ್ಯಾಡ. ಕೈ ತುಂಬ ಹಿಟ್ಟು ಅದ, ಒರಸ್ಕೊಂತೀನಿ. ಇಡಬ್ಯಾಡ ಮತ್ತ!"

ಶಹಾಪುರದ ಹಳೇ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಒಂದೇ ಕೋಣೆಯ ಬಾಡಿಗೆ ಮನೆ ಮೌನಮ್ಮನದು. ದಿನಾ ಬೆಳಗ್ಗೆ ಅಂಬ್ರಪ್ಪನ ಖಾನಾವಳಿಗೆ ನೂರೈವತ್ತು ಜೋಳದ ರೊಟ್ಟಿ ಬಡಿದು ಕಳಿಸುವುದು ಅವಳ ಕಸುಬು. ಅವಳಿಗೆ ಫೋನು ಬರುವುದೇ ಅಪರೂಪ. ಬಂದರೆ ಒಂದೋ ಅಂಬ್ರಪ್ಪ, ಇಲ್ಲವೇ ಈ ಹಾಡನ್ನು ನಿಮ್ಮ ಕಾಲರ್ ಟ್ಯೂನ್ ಮಾಡಿಕೊಳ್ಳಿ ಎನ್ನುವ ಯಂತ್ರದ ಹುಡುಗಿ. ಆ ಯಂತ್ರದ ಹುಡುಗಿಗೂ ಮೌನಮ್ಮ ಒಂದೆರಡು ಸಲ 'ಊಟ ಆತೇನವ್ವಾ' ಎಂದು ಕೇಳಿದ್ದುಂಟು. ಒಂಟಿ ಇದ್ದವರು ಹಾಗೆ ಮಾಡುತ್ತಾರೆ, ನಗುವಂಥದ್ದೇನಿಲ್ಲ.

"ಹಾಂ, ಈಗ ಹೇಳು. … ಆರಾಮ ಅದೀನಿ ಬೇ. ನೀ ಹೆಂಗ ಅದಿ? ಅಪ್ಪ, ಅವ್ವ? … ರಜಾಕ್ಕ ಮನಿಗೆ ಬಂದೀಯಾ? … ಅಲ್ಲಿ ಈಗ ಎಷ್ಟ ಗಂಟಿ? … ಸಂಜಿ ಎಂಟಾ? ಊಟ ಆತಾ? … ಏನ್ ಉಂಡಿ? … ಅಷ್ಟೇನಾ? ಅಷ್ಟೇ ಉಂಡ್ರ ಓದಿದ್ದು ತಲಿಗೆ ಹತ್ತತೇನು?"

…

"ಎರಡ ವರ್ಷ ಆತು ನೋಡು ನಿನ್ನ ಧ್ವನಿ ಕೇಳಿ. … ಇಲ್ಲ ಬೇ, ಸಿಟ್ಟ ಯಾಕ? ನಾನೇ ಮಾಡ್ಬೇಕಂತ ಎಷ್ಟ ಸಲ ಮಾಡೀನಿ, ಆ ನಂಬರಿಗೆ ಹೋಗಂಗೇ ಇಲ್ಲ, ಟೂಂ ಟೂಂ ಅಂತದ. ನೀವ ಮಾಡಬೇಕು, ನಾ ಎತ್ತಬೇಕು, ಹಂಗ ಅದ ನಮ್ದು. … ಅಯ್ಯ, ಅಳಬ್ಯಾಡ. ಓದಾಕ ಹೋದ ಹುಡುಗಿಗೆ ಮೌನತ್ತಿಗೆ ಫೋನ್ ಮಾಡಾದೇ ಕೆಲಸೇನು?"

ಮೌನಮ್ಮ ಹುಟ್ಟಿದ್ದು ಗೋಗಿಯಲ್ಲಿ. ಮರಿಲಿಂಗನ ದೊಡ್ಡಪ್ಪನ ಮಗಳು. ಗಂಡ ಬೇಗ ತೀರಿಕೊಂಡ, ಮಕ್ಕಳಿರಲಿಲ್ಲ. ದೇವಿಕಾ ಹುಟ್ಟಿದಾಗ, ಕೂಸನ್ನು ನೋಡಿಕೊಳ್ಳಲು ನಮ್ಮವರೇ ಆದರೆ ಚಲೋ ಎಂದು ಮರಿಲಿಂಗ ಅವಳನ್ನು ಟೆಕ್ಸಸ್‌ಗೆ ಕರೆಸಿಕೊಂಡ. ದಸರೆ ಮುಗಿಸಿ ಹೋಗುವುದು, ಯುಗಾದಿ ಹೊತ್ತಿಗೆ ಬರುವುದು. ಹೀಗೆ ಹದಿನೇಳು ವರ್ಷ, ಕರೋನಾ ಕಾಲ ಒಂದು ಬಿಟ್ಟು. ದೇವಿಕಾ ಕಾಲೇಜು ಸೇರಿದ ವರ್ಷ ಟಿಕೆಟ್ಟು ಬರುವುದು ತಾನಾಗಿಯೇ ನಿಂತಿತು. ಬರಬೇಡ ಎಂದು ಯಾರೂ ಅನ್ನಲಿಲ್ಲ, ಬಾ ಎಂದೂ ಅನ್ನಲಿಲ್ಲ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು!

"ನಿನ್ನ ಬಾಜೂಕ ಯಾರೋ ಮಾತಾಡಾಕತ್ತಾರಲ್ಲ, ಯಾರು? … ಮಾರಿಸೋಲಾ? ಬಾಜೂ ಮನಿ ಮಾರಿಸೋಲ್, ಎಲ್ವಿರಾನ ಮೊಮ್ಮಗಳು? … ಅಯ್ಯ, ಮೌನತ್ತಿ ಕೇಳ್ಯಾಳ ಅಂತ ಹೇಳು ಅಕಿಗೆ. ಎಲ್ವಿರಾ ಹೆಂಗ ಅದಾಳ? ಮೊಣಕಾಲ ನೋವು ಕಡಿಮಿ ಆತೇನು? ನಿನ್ನೇನೇ ನೆನಸಿದ್ದೆ. ಡಿಸೆಂಬರ್ ಬಂತು, ತಮಾಲಿ ಮಾಡೋ ಹೊತ್ತಾತು, ಮೆಕ್ಕಿಜ್ವಾಳ ಆರಿಸ್ಕೋಂತ ಕುಂತಿರ್ತಾಳ ಮುದುಕಿ ಅಂತ. ಜರಾ ಅಕಿಗೇ ಕೊಡು ಫೋನು. … ಅಕಿ ಭಾಷಾ ನನಗ ಬರಲ್ಲ, ನಂದು ಅಕಿಗೆ ಬರಲ್ಲ, ಅದೇನ್ ಹೊಸಾದಾ? ಕೊಡು ನೀ, ನಾವು ಮಾತಾಡ್ತೀವಿ."

…

"ಹಲೋ? … ದೇವಿಕಾ? ಏನಾತ ಬೇ?"

…

"ಯಾವಾಗ?"

…

"ಆಗಸ್ಟ್… ಆಗಸ್ಟ್ ಅಂದ್ರ ಶ್ರಾವಣ. … ನಾಕ ತಿಂಗಳಾತಲ್ಲ ಬೇ. … ನಾಕ ತಿಂಗಳಾತಲ್ಲ."

ಹಂಚಿನ ಮೇಲಿನ ರೊಟ್ಟಿ ಕರಿಯಾಗಿ ಹೊಗೆ ಎದ್ದಿತು. ಮೌನಮ್ಮ ನೋಡುತ್ತಲೇ ಕೂತಳು. ಗಂಡ ಸತ್ತಾಗ ಗೋಗಿಯ ಓಣಿಗೆ ಓಣಿಯೇ ಬಂದು ಅವಳೊಂದಿಗೆ ಅತ್ತಿತ್ತು. ಈ ಸಾವಿಗೆ ಅವಳ ಜೊತೆ ಕೂತು ಅಳುವವರು ಶಹಾಪುರದಲ್ಲಿ ಒಬ್ಬರೂ ಇಲ್ಲ. ಎಲ್ವಿರಾ ಅಂದರೆ ಯಾರು ಎಂದು ಮೊದಲು ತಿಳಿಸಿ ಹೇಳಬೇಕು, ಹೇಳಿದರೂ ಯಾರು ನಂಬುತ್ತಾರೆ?

"ಅಳಾಕತ್ತಿಲ್ಲ, ಹೊಗಿ ಹೊಕ್ಕದ ಕಣ್ಣಾಗ. ರೊಟ್ಟಿ ಹೊತ್ತದ. … ಹಾಂ, ಆರಿಸೀನಿ. … ನನಗ್ಯಾಕ ಹೇಳಲಿಲ್ಲ ಬೇ? … ಅಪ್ಪ ಹೇಳ್ಯಾನ ಅಂತ ನೀ ತಿಳ್ಕೊಂಡಿ, ನೀ ಹೇಳಿ ಅಂತ ಅಪ್ಪ ತಿಳ್ಕೊಂಡ. ಹೂಂ. ಆಗ್ತದ ಹಂಗ. ಇರ್ಲಿ ಬಿಡು."

…

"ಮತ್ತ ಆ ಗಂಟಲ ಕ್ಯಾನ್ಸರೇನಾ? ತಿರುಗಿ ಬಂದಿತ್ತಾ? … ಅಷ್ಟ ಕರೆಂಟ್ ಕೊಟ್ಟು ಸುಟ್ಟಿದ್ರಲ್ಲ ಅದನ್ನ. … ಕಡೀಗೆ ಭಾಳ ಒದ್ದಾಡಿದ್ಲಾ? … ಔಷಧ ಕೊಟ್ಟಿದ್ರಾ, ನೋವು ಗೊತ್ತಾಗದಂಗ? … ಚಲೋ ಆತು. ಅಷ್ಟಾದ್ರೂ ಚಲೋ ಆತು. ಮಾರಿಸೋಲ್‌ಗೆ ಹೇಳು, ಅಳಬ್ಯಾಡ ಅಂತ. ಇಲ್ಲ, ಅಳು ಅಂತ್ಹೇಳು. ನಮ್ಮಕಿ ಅಲ್ಲೇನು, ಅತ್ರ ಏನಾತು?"

ಎಲ್ವಿರಾ ಟೆಕ್ಸಸ್ಸಿನಲ್ಲೇ ಹುಟ್ಟಿ ಬೆಳೆದವಳು, ಆದರೆ ಹಿರಿಯರು ಮೆಕ್ಸಿಕೋದವರು. ಆ ಮನೆಯ ಮಾತು ಸ್ಪ್ಯಾನಿಷ್, ಅಡುಗೆ ಮೆಕ್ಸಿಕೋದ್ದು. ಮೌನಮ್ಮ ಹೋದ ಮೊದಲ ತಿಂಗಳು ಹಿಂದಿನ ಕಟ್ಟೆಯ ಮೇಲೆ ಕೂತು ಜೋಳದ ರೊಟ್ಟಿ ಬಡಿಯುತ್ತಿದ್ದಾಗ ಆ ಸಪ್ಪಳ ಕೇಳಿ ಎಲ್ವಿರಾ ಬೇಲಿಯ ಬಾಗಿಲು ತಳ್ಳಿಕೊಂಡು ಬಂದಿದ್ದಳು. ಬಂದವಳು ಹಿಟ್ಟಿನ ಪರಾತದ ಮುಂದೆ ಕುಕ್ಕರಿಸಿದಳು, ಒಂದು ಉಂಡೆ ತೆಗೆದುಕೊಂಡು ಎರಡು ಅಂಗೈ ನಡುವೆ ತಟ್ಟತೊಡಗಿದಳು. ಅವಳ ತಾಯಿಯೂ ಹಾಗೆಯೇ ತಟ್ಟುತ್ತಿದ್ದಳಂತೆ. ಹೆಸರು ಕೇಳಿಕೊಳ್ಳುವ ಮೊದಲೇ ಇಬ್ಬರೂ ಕೂಡಿ ಎಂಟು ರೊಟ್ಟಿ ಮಾಡಿದ್ದರು.

"ಏನ್ ಕೇಳ್ಬೇಕಂತ ಮಾರಿಸೋಲ್‌ಗೆ? … ಕೇಳು ಅನ್ನು, ಅದಕ್ಯಾಕ ಸಂಕೋಚ. … ತಮಾಲಿ ಮಾಡೋದಾ? ನಾಳಿಗೇ ಕುಂದರ್ತಾರಾ ಎಲ್ಲಾರೂ? … ಹೌದು ಬೇ, ಕುಂದರಬೇಕು. ಅಜ್ಜಿ ಇಲ್ದ ಮೊದಲನೇ ವರ್ಷ, ಬಿಡಬಾರ್ದು. … ನಾ ಹೇಳ್ತೀನಿ, ಬರಕೋ ಅನ್ನು."

ವರ್ಷಕ್ಕೊಮ್ಮೆ, ಕ್ರಿಸ್‌ಮಸ್ಸಿನ ಹಿಂದಿನ ದಿನ, ಆ ಮನೆಯ ಹೆಣ್ಣುಮಕ್ಕಳೆಲ್ಲ ಉದ್ದನೆಯ ಟೇಬಲ್ಲಿಗೆ ಕೂಡುತ್ತಾರೆ. ನೆನೆಸಿದ ಮೆಕ್ಕೆತೆನೆಯ ಸಿಪ್ಪೆಗೆ ಹಿಟ್ಟು ಸವರಿ, ನಡುವೆ ಖಾರದ ಪಲ್ಯ ಇಟ್ಟು, ಮಡಚಿ, ದೊಡ್ಡ ಪಾತ್ರೆಯಲ್ಲಿ ಹಬೆಗೆ ಬೇಯಿಸುವುದು. ನಮ್ಮ ಕಡುಬಿನ ದೂರದ ಬಳಗ ಅನ್ನಿ. ಅದೇ ತಮಾಲಿ. ಇನ್ನೂರು, ಮುನ್ನೂರು ಆಗುವ ತನಕ ಯಾರೂ ಏಳುವುದಿಲ್ಲ, ಊರ ಚಾಡಿ ಎಲ್ಲ ಅಲ್ಲಿಯೇ ಆಗಬೇಕು.

"ಮೆಕ್ಕಿಜ್ವಾಳ ಸುಣ್ಣದ ನೀರಾಗ ಕುದಿಸಿ, ರಾತ್ರಿಯೆಲ್ಲಾ ಹಂಗೇ ಬಿಟ್ಟು, ಮರುದಿನ ಸಿಪ್ಪಿ ಉಜ್ಜಿ ತೊಳದು ಬೀಸ್ಬೇಕು. … ಏನು? ತಯಾರ್ ಹಿಟ್ಟು ತಂದಾರಾ? ಪ್ಯಾಕೆಟಿಂದು? … ಅಯ್ಯ ಶಿವನೇ! ಪ್ಯಾಕೆಟ್ ಕಂಡ್ರ ಎಲ್ವಿರಾ ಮಾರಿ ಹೆಂಗ ಮಾಡ್ತಿದ್ಲು ನೆನಪದಾ? ಹಳಸಿದ ಸಾರು ಮೂಸಿದಂಗ. … ನಗಾಕತ್ತಾಳಾ ಮಾರಿಸೋಲ್? ನಗಲಿ. ಸಿಟ್ಟಿಲೇ ಕುಂತ್ರ ತಮಾಲಿ ಬೇಯಂಗಿಲ್ಲ ಅಂತಿದ್ಲು ಅಕಿ, ನಗಿಸಿದ ಮ್ಯಾಲೇ ಹಿಟ್ಟಿಗೆ ಕೈ ಹಚ್ಚಗೊಡ್ತಿದ್ಲು. ಹೋಗ್ಲಿ, ಪ್ಯಾಕೆಟಿಂದೇ ಮಾಡ್ರಿ."

…

"ನಾದಿದ್ದು ಸಾಕೋ ಬೇಕೋ ಅಂತ ಹೆಂಗ ತಿಳೀಬೇಕು ಅಂದ್ರ, ಒಂದ ಬಟ್ಟಲ ನೀರಾಗ ಒಂದ ಚೂರು ಹಿಟ್ಟ ಬಿಡ್ರಿ. ತೇಲಿದ್ರ ಆತು. ಮುಳುಗಿದ್ರ ಇನ್ನ ನಾದ್ರಿ. … ಹಂದಿ ಕೊಬ್ಬು ಎಷ್ಟಂತ ನನ್ನ ಕೇಳಬ್ಯಾಡ, ಅದನ್ನ ನಾ ಮುಟ್ಟಿಲ್ಲ. ನನ್ನ ಸಲುವಾಗಿ ಒಂದ ಹತ್ತಿಪ್ಪತ್ತು ಎಣ್ಣಿ ಹಾಕಿ ಬ್ಯಾರೇನೇ ಮಾಡ್ತಿದ್ಲು, ಮ್ಯಾಲ ಕೆಂಪು ದಾರ ಕಟ್ತಿದ್ಲು, ಯಾರೂ ತಪ್ಪಿ ನನಗ ಬ್ಯಾರೇದು ಹಾಕಬಾರ್ದು ಅಂತ. ಹದಿನೇಳ ವರ್ಷದಾಗ ಒಮ್ಮಿನೂ ತಪ್ಪಿಲ್ಲ ನೋಡು."

…

"ನಾನಾ? ಇಲ್ಲಿ? … ಒಮ್ಮಿ ಮಾಡಿದ್ದೆ ಬೇ, ಹ್ವಾದ ವರ್ಷ ಇದೇ ಹೊತ್ತಿಗೆ. ಎಲಿಗೆ ಹಚ್ಚೋ ಸುಣ್ಣ ಹಾಕಿ ಮೆಕ್ಕಿಜ್ವಾಳ ಕುದಿಸಾಕ ಇಟ್ಟಿದ್ದೆ. ಬಾಜೂ ಮನಿ ನಾಗರತ್ನಾ ಬಂದು ಮುಚ್ಚಳ ತಗದು ನೋಡಿ, 'ಗ್ವಾಡಿಗೆ ಬಳಿಯಾಕ ಮಾಡೀರೋ ಉಣ್ಣಾಕೋ ಅಕ್ಕಾ' ಅಂದ್ಲು. … ಹಾಂ, ನಗು ನಗು. … ರುಚಿ? ಆಗಿದ್ವು. ಎರಡ ತಿಂದೆ. ನಾಗರತ್ನಾಗ ಕೊಟ್ರ ಮೂಸಿ ನೋಡಿ ಎಮ್ಮಿಗಿಟ್ಲು. ಒಬ್ಬಾಕಿನೇ ಮಾಡೋ ಅಡಗಿ ಅಲ್ಲ ಅದು, ಒಬ್ಬಾಕಿನೇ ತಿನ್ನೋದೂ ಅಲ್ಲ."

ಮಾತು ಸಾಗಿದಂತೆ ಮೌನಮ್ಮನಿಗೆ ಹುರುಪು ಬಂದಿತ್ತು. ಎರಡು ವರ್ಷದಲ್ಲಿ ಇಷ್ಟು ಮಾತನ್ನು ಅವಳನ್ನು ಯಾರೂ ಕೇಳಿರಲಿಲ್ಲ. ಮೆಣಸಿನಕಾಯಿ ನೆನೆಸುವುದು, ಬೆಳ್ಳುಳ್ಳಿ ಜೀರಿಗೆ ಕೂಡಿಸಿ ಅರೆಯುವುದು ಎಲ್ಲ ಹೇಳಿದಳು. ಆಮೇಲೆ ಆ ಕಡೆಯಿಂದ ಒಂದು ಪ್ರಶ್ನೆ ಬಂತು. ಅವಳು ಕೈಯಲ್ಲಿದ್ದ ಹಿಟ್ಟಿನ ಉಂಡೆ ಕೆಳಗಿಟ್ಟಳು.

"ಕರಿ ಚುಕ್ಕಿ? … ಯಾವ ಕರಿ ಚುಕ್ಕಿ?"

…

"ಖಾರದಾಗ ಕರೇದು ಏನೋ ಇರ್ತಿತ್ತಾ. … ಎಳ್ಳು ಹಾಕಿ ನೋಡಿದ್ರಾ? … ಮೆಣಸಿನಕಾಯಿ ಬೀಜ ಕರ್ರಗ ಹುರದು ಹಾಕಿದ್ರಾ? ಬರಲಿಲ್ಲಾ ಆ ರುಚಿ. … ಹೂಂ."

ಬರುವುದು ಹೇಗೆ? ಅದು ಗುರೆಳ್ಳು, ಕೆಲವು ಕಡೆ ಹುಚ್ಚೆಳ್ಳು ಎನ್ನುವುದು. ಮತ್ತು ಅದನ್ನು ಹಾಕಿದವಳು ಎಲ್ವಿರಾ ಅಲ್ಲ.

ಎಂಟು ವರ್ಷದ ಹಿಂದಿನ ಮಾತು. ಗಂಟಲಿಗೆ ಕರೆಂಟ್ ಕೊಡಿಸಿಕೊಂಡು ಬಂದ ಮೇಲೆ ಎಲ್ವಿರಾಳ ನಾಲಿಗೆ ಸತ್ತುಹೋಯಿತು. ಉಪ್ಪೂ ಒಂದೇ, ಸಕ್ಕರೆಯೂ ಒಂದೇ. ರುಚಿ ತಿರುಗಿ ಬಂತು ಎಂದು ಮನೆಯವರಿಗೆ ಹಸಿ ಸುಳ್ಳು ಹೇಳಿದಳು. ಐವತ್ತು ವರ್ಷ ಆ ಒಲೆಯ ಯಜಮಾನಿಕೆ ನಡೆಸಿದ ಹೆಂಗಸು, ಮೂಲೆಗೆ ಕೂರಿಸಿ ಗಂಜಿ ಕೊಡುವುದು ಅವಳಿಗೆ ಬೇಕಿರಲಿಲ್ಲ. ಆ ಡಿಸೆಂಬರ್‌ನಲ್ಲಿ ಖಾರಕ್ಕೆ ಎರಡು ಸಲ ಉಪ್ಪು ಹಾಕಿ, ಬಾಯಿಗಿಟ್ಟು ನೋಡಿ, ಮೂರನೆಯ ಸಲ ಹಾಕಲು ಎತ್ತಿದ ಕೈಯನ್ನು ಮೌನಮ್ಮ ಹಿಡಿದಳು. ಇಬ್ಬರೂ ಮುಖ ನೋಡಿಕೊಂಡರು. ಎಲ್ವಿರಾಳ ಕಣ್ಣಲ್ಲಿ ನೀರು ಬಂತು.

ಮೌನಮ್ಮ ಅದನ್ನು ಚೆಲ್ಲಿ ಹೊಸದಾಗಿ ಅರೆದಳು. ಹುರಿದ ಎಳ್ಳು ಬೇಕಿತ್ತು, ಡಬ್ಬಿ ಸಿಗಲಿಲ್ಲ, ಹೊರಗೆ ಹೆಣ್ಣುಮಕ್ಕಳು ಕಾಯುತ್ತಿದ್ದರು. ಬೇಲಿ ದಾಟಿ ಓಡಿ, ಗೋಗಿಯಿಂದ ಒಯ್ದಿದ್ದ ಗುರೆಳ್ಳು ಪುಡಿ ತಂದು ಸುರಿದಳು. ಎಳ್ಳಿನ ಜಾಗಕ್ಕೆ ಗುರೆಳ್ಳು! ನಮ್ಮ ಸೀಮೆಯ ಹೆಂಗಸು ಬಿಟ್ಟರೆ ಇನ್ಯಾರೂ ಮಾಡಲಾರದ ತಪ್ಪು. ಸುರಿದ ಮೇಲೆ ಹೆದರಿದಳು. ಟೇಬಲ್ಲಿನಲ್ಲಿ ಎಲ್ಲರೂ ಮೊದಲ ತುತ್ತು ಬಾಯಿಗಿಟ್ಟರು. ಆಮೇಲೆ ಎಲ್ವಿರಾಳ ಮಗಳು ಎದ್ದು ಬಂದು ತಾಯಿಯ ಹಣೆಗೆ ಮುತ್ತಿಟ್ಟಳು. ಅಮ್ಮ, ಇಷ್ಟು ರುಚಿಯಾಗಿ ನೀನು ಯಾವತ್ತೂ ಮಾಡಿರಲಿಲ್ಲ ಎಂದಳಂತೆ.

ಆ ಸಂಜೆ ಅಡುಗೆಮನೆಯಲ್ಲಿ, ತನ್ನ ದೇವಿಯ ಪಟದ ಮುಂದೆ, ಎಲ್ವಿರಾ ಮೌನಮ್ಮನ ತುಟಿಯ ಮೇಲೆ ಬೆರಳಿಟ್ಟಳು. ಮೌನಮ್ಮ ತನ್ನ ಮನೆದೇವರು ತಿಂಥಣಿ ಮೌನಪ್ಪನ ಹೆಸರು ಹೇಳಿ ಅವಳ ಕೈಮೇಲೆ ಕೈ ಹಾಕಿದಳು. ಅಲ್ಲಿಂದ ಆರು ಡಿಸೆಂಬರ್ ಆ ಮನೆಯವರು ಮೌನಮ್ಮನ ಅಡುಗೆ ಉಂಡು ಎಲ್ವಿರಾಳನ್ನು ಹೊಗಳಿದರು.

"ಹಲೋ… ಅದೀನಿ, ಅದೀನಿ. ನೆನಪ ಮಾಡ್ಕೊಳ್ಳಾಕತ್ತಿದ್ದೆ. … ಅದು ಗುರೆಳ್ಳು ಬೇ. ಗು-ರೆ-ಳ್ಳು. ನಮ್ಮ ಕಡಿ ಹಿಂಡಿ ಮಾಡ್ತೀವಲ್ಲ, ಕರೇದು, ರೊಟ್ಟಿ ಜೋಡಿ ತಿಂತಿದ್ದಿ ನೀ ಸಣ್ಣಾಕಿ ಇದ್ದಾಗ. ಹುರದು, ಪುಡಿ ಮಾಡಿ, ಖಾರ ಇಳಿಸೋ ಹೊತ್ತಿಗೆ ಎರಡ ಚಮಚ. … ಅಲ್ಲಿ ನಮ್ಮ ಮಂದಿ ಅಂಗಡ್ಯಾಗ ಸಿಗ್ತದ, ಕೇಳ್ರಿ."

…

"ಯಾರು ಹಾಕಿದ್ರು ಅಂದ್ರ? … ಇದೆಂಥಾ ಪ್ರಶ್ನೆ ಬೇ?"

ನಾನು ಎನ್ನಬಹುದಿತ್ತು. ಎರಡೇ ಅಕ್ಷರ. ಆ ಉದ್ದ ಟೇಬಲ್ಲಿನಲ್ಲಿ ಒಮ್ಮೆಯಾದರೂ ತನ್ನ ಹೆಸರು ಬರಲಿ ಎಂದು ಮೌನಮ್ಮ ಎಷ್ಟು ಸಲ ಆಸೆಪಟ್ಟಿದ್ದಳೋ ಅವಳಿಗೇ ಗೊತ್ತು. ಇಲ್ಲಿ ನೂರೈವತ್ತು ರೊಟ್ಟಿ ತಿನ್ನುವವರಿಗೆ ಬಡಿದವಳ ಹೆಸರು ಬೇಕಿಲ್ಲ, ಅಲ್ಲಿಯೂ ಬೇಕಿರಲಿಲ್ಲ. ಆದರೆ ಮಾತು ಕೊಟ್ಟಿದ್ದು ಜೀವಂತ ಇದ್ದವಳಿಗೆ, ಈಗ ಸತ್ತವಳಿಗೆ ಅದನ್ನು ಮುರಿಯುವುದು ಇನ್ನೂ ಹೊಲಸು ಅನ್ನಿಸಿತು ಅವಳಿಗೆ. ಎಲ್ವಿರಾಳ ಮಾನ ಈಗ ತನ್ನೊಬ್ಬಳ ಬಾಯಲ್ಲಿ ಇದೆ ಎಂದುಕೊಂಡಳು.

"ಎಲ್ವಿರಾನೇ ಹಾಕ್ತಿದ್ಲು. ಮತ್ಯಾರು ಹಾಕ್ತಾರ? … ನಾ ಬರೇ ಪುಡಿ ಒಯ್ದು ಕೊಡ್ತಿದ್ದೆ. ಒಮ್ಮಿ ನಮ್ಮ ಮನ್ಯಾಗ ರುಚಿ ನೋಡಿದ್ಲು, ಮನಸಿಗೆ ಬಂತು, ತಾನೇ ಖಾರಕ್ಕ ಹಾಕಿ ನೋಡಿದ್ಲು. ಪೂರಾ ಅಕಿ ಕೈ ಅದು. ನಾ ಏನ್, ಬಾಜೂಕ ಕುಂತು ಬೆಳ್ಳೊಳ್ಳಿ ಸುಲೀತಿದ್ದೆ."

…

"ಕರೋನಾ ವರ್ಷ ರುಚಿ ಇರಲಿಲ್ಲಾ? … ಹ್ವಾದ ವರ್ಷನೂ? … ನಾ ಇಲ್ದ ವರ್ಷನೇ ಕೆಡ್ತದ ಅಂತಾಳಾ ಮಾರಿಸೋಲ್. … ಶಾಣ್ಯಾಕಿ ಅದಾಳ. ಪುಡಿ ಮುಟ್ಟಿರಲಿಲ್ಲಲ್ಲ ಬೇ ಆ ವರ್ಷ, ಅದಕ್ಕ. ಬ್ಯಾರೇ ಏನಿಲ್ಲ."

…

"ನಾಲಿಗಿಗೆ? ಎಲ್ವಿರಾನ ನಾಲಿಗಿಗೆ ಏನಾಗಿತ್ತು? … ಏನೂ ಆಗಿರಲಿಲ್ಲ. ಒಂದ ಹಳ್ಳು ಉಪ್ಪು ಹೆಚ್ಚಾದ್ರ ಗೊತ್ತಾಗ್ತಿತ್ತು ಅಕಿಗೆ. ಸಾಯೋ ತನಕ ಅಕಿ ನಾಲಿಗಿ ನೆಟ್ಟಗಿತ್ತು, ನನಗ ಗೊತ್ತದ. ಹೇಳು ಮಾರಿಸೋಲ್‌ಗೆ, ನಿಮ್ಮಜ್ಜಿ ಅಂಥಾಕಿ ಇದ್ಲು ಅಂತ. … ಹಾಂ, ಹಿಂಗೇ ಹೇಳು. ಒಂದಕ್ಷರ ಬಿಡಬ್ಯಾಡ."

ಆ ಕಡೆ ದೇವಿಕಾ ಇಂಗ್ಲಿಷಿನಲ್ಲಿ ಹೇಳುವುದು ಕೇಳಿಸಿತು. ಮೌನಮ್ಮ ಸಮಾಧಾನದಿಂದ ಗೋಡೆಗೆ ಬೆನ್ನು ಕೊಟ್ಟಳು. ಗೆಳತಿಯ ಕೊನೆಯ ಕೆಲಸ ಮಾಡಿ ಮುಗಿಸಿದೆ ಎಂದುಕೊಂಡಳು. ಇದ್ದ ಒಂದು ಆಸೆಯನ್ನೂ ಕೊಟ್ಟುಬಿಟ್ಟಿದ್ದಳು. ಅಷ್ಟರಲ್ಲಿ ಆ ಕಡೆ ಯಾರೋ ಬಿಕ್ಕಿದರು.

"ಯಾಕ? ಯಾಕ ಅಳಾಕತ್ತಾಳ ಅಕಿ? … ಖುಷಿ ಆಗಬೇಕಲ್ಲ, ಅಳ್ತಾಳ್ಯಾಕ? … 'ಹಂಗಾದ್ರ ಅಮ್ಮ ಅಂದಿದ್ದೇ ಖರೆ' ಅಂದ್ಲಾ? ಯಾರ ಅಮ್ಮ? ಅಕಿ ಅವ್ವ ಏನಂದಿದ್ಲು? ನನಗ ತಿಳಿಯಂಗ ಹೇಳ ಬೇ."

…

"ಕಡೀ ವಾರ, ದವಾಖಾನ್ಯಾಗ. … ಹಾಂ. … ಎಲ್ವಿರಾ ಎಲ್ಲಾರ್ನೂ ಕರದು ಕುಂದ್ರಿಸಿ… ಏನ್ ಹೇಳಿದ್ಲು? … ಏನಂದಿ? ಇನ್ನೊಮ್ಮಿ ಹೇಳು."

…

"'ನನ್ನ ನಾಲಿಗಿ ಸತ್ತು ಎಷ್ಟೋ ವರ್ಷ ಆತು. ನೀವು ಹೊಗಳಿದ ಅಡಗಿ ಎಲ್ಲಾ ಮೌನಾ ಮಾಡಿದ್ದು. ನನ್ನ ಹೆಸರ ಅಳಿಸಿ ಅಕಿ ಹೆಸರ ಬರೀರಿ'… ಹಿಂಗಂದ್ಲಾ? … ಎಲ್ವಿರಾ? … ಅಕಿ ಬಾಯಿಲೇ? … ನಾ ಆಣಿ ಹಾಕಿ ಬಾಯಿ ಮುಚ್ಕೊಂಡ ಕುಂತೀನಿ ಬೇ ಇಲ್ಲಿ! ತಾನೇ ಹೇಳಿಬಿಟ್ಲಾ?"

ಸಾಯುವ ಹೊತ್ತಿಗೆ ಎಲ್ವಿರಾ ಅವಳನ್ನು ನೆನೆಸಿದ್ದಳು. ತನ್ನ ಮಾನವನ್ನು ತಾನೇ ಬಿಚ್ಚಿ ಅವಳ ಕೈಗೆ ಕೊಟ್ಟಿದ್ದಳು. ಮೌನಮ್ಮ ಸೆರಗಿನಿಂದ ಬಾಯಿ ಒತ್ತಿ ಹಿಡಿದಳು. ಇಷ್ಟು ವರ್ಷದಲ್ಲಿ ಯಾರೂ ಅವಳಿಗೆ ಇಷ್ಟು ದೊಡ್ಡದು ಕೊಟ್ಟಿರಲಿಲ್ಲ.

"ಮತ್ತ? … ಮಗಳು ನಂಬಲಿಲ್ಲಾ? … 'ಔಷಧದ ನಶಾದಾಗ ಬಡಬಡಿಸ್ಯಾಳ' ಅಂದ್ಲಾ? … ಎಲ್ಲಾರೂ ಹಂಗೇ ಅಂದ್ರಾ? … ಮಾರಿಸೋಲ್ ಒಬ್ಬಾಕಿನೇ ನಂಬಿದ್ಲು. 'ಅಜ್ಜಿ ಎಚ್ಚರದಾಗೇ ಇದ್ಲು, ಮೌನತ್ತಿನ ಕೇಳೋಣು, ಅಕಿ ಹೇಳ್ತಾಳ' ಅಂತ… ಅದಕ್ಕ… ಅದಕ್ಕ ಈ ಫೋನು?"

…

"ಈಗ ಏನಂತಾಳ ಮಾರಿಸೋಲ್? … ಹಾಂ? … 'ಅಜ್ಜಿ ಕಡೀ ಮಾತು ಬರೇ ಬಡಬಡಿಕಿ'… ಇಲ್ಲ. ಇಲ್ಲ ಇಲ್ಲ, ದೇವಿಕಾ, ಹಂಗ ಅನಗೊಡಬ್ಯಾಡ! ನಿಂದ್ರು. ನಾ ಹೇಳಿದ್ದು ತಪ್ಪು. ಏ ಯವ್ವಾ, ಅಕಿಗೆ ಹೇಳು, ಎದ್ದು ಹೋಗಬ್ಯಾಡ ಅನ್ನು, ಹಿಡಕೋ ಅಕಿನ್ನ!"

ಫೋನಿನಲ್ಲಿ ಗೊರಗೊರ ಸದ್ದು ಬಂತು. ಮೌನಮ್ಮ ಎದ್ದು ಬಾಗಿಲಿಗೆ ಓಡಿದಳು, ಅಲ್ಲಿಂದ ಓಣಿಗೆ. ಹಿಟ್ಟಿನ ಕೈಯಲ್ಲೇ ಫೋನನ್ನು ಕಿವಿಗೆ ಒತ್ತಿ ಹಿಡಿದು ನಡುಬೀದಿಯಲ್ಲಿ ನಿಂತಳು.

"ಎಲ್ವಿರಾ ಖರೇನೇ ಹೇಳ್ಯಾಳ. ಕೇಳಾಕತ್ತೀಯಾ? ಅಕಿ ನಾಲಿಗಿ ಸತ್ತಿತ್ತು. ಗುರೆಳ್ಳು ನಂದು. ಆರ ವರ್ಷ ಅರದಾಕಿ ನಾನು. ಅಕಿ ಮಾನ ಉಳಸಾಕ ಹೋಗಿ ನಾ ಹಂಗಂದೆ ಬೇ… ಅಕಿ ಹೇಳ್ಯಾಳ ಅಂತ ನನಗ ಹೆಂಗ ಗೊತ್ತಾಗಬೇಕು? ಯಾರ ಹೇಳಿದ್ರಿ ನನಗ? ಸತ್ತಿದ್ದೇ ಹೇಳಲಿಲ್ಲ ನೀವು…"

…

"ನನ್ನ ಹೆಸರ ಬರೀಬ್ಯಾಡ್ರಿ. ಹೆಸರ ಬ್ಯಾಡ ನನಗ. ಅಕಿ ಬಡಬಡಿಸಿಲ್ಲ ಅಂತ ಅಷ್ಟ ಹೇಳು ಮಾರಿಸೋಲ್‌ಗೆ. ಅಷ್ಟ ಸಾಕು. … ಹೇಳಿದ್ಯಾ? … ದೇವಿಕಾ, ಹೇಳಿದ್ಯಾ?"

…

"ಹಲೋ?"

ಗೊರಗೊರ ಸದ್ದು ಯಾವಾಗಲೋ ನಿಂತಿತ್ತು. ಅವಳು ಓಣಿಗೆ ಓಡಿ ಬರುವಾಗಲೇ ನಿಂತಿತ್ತೋ, ಆಮೇಲೋ, ಅವಳಿಗೆ ತಿಳಿಯಲಿಲ್ಲ. ನಾಗರತ್ನಾ ಬಾಗಿಲಿಗೆ ಬಂದು, ಯಾರ ಜೋಡಿ ಜಗಳ ಅಕ್ಕಾ, ಎಂದು ಕೇಳಿದಳು. ಮೌನಮ್ಮ ಅವಳ ಕಡೆ ನೋಡಲೂ ಇಲ್ಲ.

"ಹಲೋ… ದೇವಿಕಾ… ಸುಳ್ಳ ಹೇಳಿದಾಕಿ ನಾನು ಬೇ, ಅಕಿ ಅಲ್ಲ. … ಕೇಳಸ್ತಾ? … ಅಕಿ ಅಲ್ಲ, ನಾನು… ಹಲೋ…"